ಯಾರು ಎಂಬ ಕಾಲಂ

ಇಲ್ಲ, ಖಾಲಿ ಚೀಟಿಯ ಆ ದಿನ ಬಂದದ್ದು ನಾನು ಗುಂಡ್ಲುಪೇಟೆಗೆ ಹೋಗುವ ಮೊದಲೇ ಇರಬೇಕು. ಅಥವಾ ಹೋಗಿ ಬಂದ ಮೇಲೆ. ಮೊದಲು ಎಂದಾದರೆ, ಗೊತ್ತಿದ್ದೂ ಒಂದು ಹುಡುಗಿಯ ಹಾಡು ನಿಲ್ಲಿಸಿದೆ ಎಂದಾಗುತ್ತದೆ. ಆಮೇಲೆ ಎಂದಾದರೆ, ಗೊತ್ತಿಲ್ಲದೆ ನಿಲ್ಲಿಸಿದೆ. ನೆನಪನ್ನು ಕೇಳಿದರೆ ಎರಡಕ್ಕೂ ಹೂಂ ಅನ್ನುತ್ತದೆ. ಮೊದಲು ಎಂದುಕೊಂಡು ನೆನೆದರೆ ತರಬೇತಿಯ ಆ ಕೋಣೆಯ ಕಿಟಕಿಯಲ್ಲಿ ಬಿಸಿಲು ಕಾಣುತ್ತದೆ. ಆಮೇಲೆ ಎಂದುಕೊಂಡರೆ ಅದೇ ಕಿಟಕಿಯಲ್ಲಿ ಮೋಡ. ಕೇಳಿದ್ದನ್ನೆಲ್ಲ ತಂದುಕೊಡುವ ಇಂಥ ನೆನಪನ್ನು ನಂಬಿ ಏನು ಬರೆಯುವುದು? ಆದರೂ ಬರೆಯಲು ಕೂತಿದ್ದೇನೆ. ಹೋದ ತಿಂಗಳು ನನ್ನ ಬೆನ್ನು ನನ್ನನ್ನು ಕೇಳದೆಯೇ ಒಂದು ಕೆಲಸ ಮಾಡಿಬಿಟ್ಟಿತು, ಅದಕ್ಕೆ.

ಒಂದು ಸಹಿಗಾಗಿ ಚಾಮರಾಜನಗರಕ್ಕೆ ಹೋಗಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದರು. ಹೊತ್ತು ಕಳೆಯಲು ಪೇಟೆಯ ಕಡೆ ನಡೆದೆ. ಒಂದು ಮಂಡಿಯ ಮುಂದೆ ಅರಿಶಿನದ ಮೂಟೆಗಳನ್ನು ಲಾರಿಗೆ ಹಾಕುತ್ತಿದ್ದರು. ಆ ದೂಳು ಮೂಗಿಗೆ ಏರಿದ್ದೇ ತಡ, ನಾನು ರಸ್ತೆಗೆ ಬೆನ್ನು ಮಾಡಿ, ಮಂಡಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ. ಹಮಾಲಿಯೊಬ್ಬ, "ಯಾಕಕ್ಕ, ತಲೆ ಸುತ್ತು ಬಂತಾ? ಕೂತ್ಕಳಿ ನೆಳ್ಳಲ್ಲಿ" ಎಂದಾಗ ತಿರುಗಿದೆ.

ಇಂಥದೇ ಒಂದು ಮಂಡಿಯ ಮಹಡಿಯ ಮೇಲೆ ನಾನು ಒಂದು ವರ್ಷ ಗೋಡೆಗೆ ಮುಖ ಹಾಕಿ ಕೂತಿದ್ದೆ. ಸಂಗೀತ ಶಿಕ್ಷಕರ ತರಬೇತಿ. ಖಾಸಗಿ ಸಂಸ್ಥೆ, ಈಗ ಅದಿಲ್ಲ. ನಾವು ಹನ್ನೊಂದು ಮಂದಿ. ಕೆಳಗೆ ಅರಿಶಿನ ಜರಡಿ ಹಿಡಿಯುವ ಸದ್ದು, ಮೇಲೆ ನಮ್ಮ ಹಾಡು. ಸಂಜೆ ರೂಮಿಗೆ ಹೋಗಿ ಮುಖ ಒರೆಸಿದರೆ ಟವೆಲ್ಲು ಹಳದಿ. ನಮ್ಮೂರು ಭೀಮನಬೀಡು. ಅಪ್ಪ ಬೇಸಾಯದವರು, ಹಾಡು ಕಲಿಸುವುದೂ ಒಂದು ನೌಕರಿ ಎಂದು ಅವರಿಗೆ ನಂಬಿಕೆ ಬಂದಿರಲಿಲ್ಲ. "ಒಂದ್ ವರ್ಸ ಕೊಟ್ಟಿವ್ನಿ ಕಣವ್ವ. ಪಾಸಾದ್ರೆ ನಿನ್ ದಾರಿ. ಇಲ್ದಿದ್ರೆ ನಾನ್ ಏಳ್ದಂಗೆ" ಎಂದಿದ್ದರು. ಅವರು ಹೇಳುವುದು ಏನೆಂದು ಇಬ್ಬರಿಗೂ ಗೊತ್ತಿತ್ತು. ಗಂಡಿನ ಕಡೆಯವರು ಒಮ್ಮೆ ಬಂದು ಮನೆಯ ದನದ ಕೊಟ್ಟಿಗೆಯವರೆಗೂ ನೋಡಿಕೊಂಡು ಹೋಗಿದ್ದರು.

ಗುಂಪಿನಲ್ಲಿ ಹಾಡುವಾಗ ಆಗುವ ತಪ್ಪನ್ನು ಕೇಳಿಸಿಕೊಳ್ಳುವುದು ನಮಗೆ ಒಂದು ಪಾಠವಾಗಿತ್ತು. ಒಬ್ಬರ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಹನ್ನೆರಡು ಮಕ್ಕಳು ಒಟ್ಟಿಗೆ ಹಾಡುವಾಗ ಎಲ್ಲೋ ಒಂದು ಕಡೆ ಉಜ್ಜಿದಂತಾಗುತ್ತದಲ್ಲ, ಅದನ್ನು ಹಿಡಿಯುವುದು ಬೇರೆ ವಿದ್ಯೆ. ಅದನ್ನು ಕಲಿಸಲು ನಮ್ಮ ಮೇಷ್ಟ್ರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಆರು ಜನ ಹಾಡಬೇಕು. ಐದು ಜನ ಅವರಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂರಬೇಕು. ಹಾಡುವವರು ಮೊದಲು ಒಂದು ಸ್ಟೀಲಿನ ಲೋಟದಿಂದ ಚೀಟಿ ಎತ್ತುತ್ತಿದ್ದರು. ಐದು ಚೀಟಿ ಖಾಲಿ, ಒಂದರಲ್ಲಿ ಪೆನ್ಸಿಲಿನ ಗೀಟು. ಗೀಟು ಬಂದವರು ಯಾರಿಗೂ ಹೇಳದೆ, ಹಾಡಿನಲ್ಲಿ ಒಂದು ಕಡೆ, ಒಂದೇ ಒಂದು ತಪ್ಪು ಮಾಡಬೇಕು. ಗೋಡೆಯ ಕಡೆಯವರು ಹಾಳೆಯಲ್ಲಿ ಬರೆಯಬೇಕು. ಹಾಳೆಯಲ್ಲಿ ಮೂರು ಕಾಲಂ: ಯಾರು, ಎಲ್ಲಿ, ಏನು.

ಮೊದಮೊದಲು ನನಗೆ ಏನೋ ಆಯಿತು ಎಂಬುದಷ್ಟೇ ತಿಳಿಯುತ್ತಿತ್ತು. ಮೇಷ್ಟ್ರು ನನ್ನ ಹಾಳೆ ನೋಡಿ, "ಏನೋ ಆಯ್ತು ಅಂತ ಬೀದೀಲಿ ಹೋಗೋ ಎಮ್ಮೆಗೂ ಗೊತ್ತಾಗುತ್ತೆ ಕಣಮ್ಮ. ಅದಕ್ಕೆ ನಾನು ಸರ್ಟಿಫಿಕೇಟ್ ಕೊಡ್ಲಾ?" ಎನ್ನುತ್ತಿದ್ದರು. ನಿವೃತ್ತರಾದ ಹೈಸ್ಕೂಲು ಮೇಷ್ಟ್ರು. ಹಾಡು ಶುರುವಾಗುವ ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಿಧಾನವಾಗಿ ಕಲಿಸಿದರು. ಒಂದು ಸಲ ಹಾಡಿದಾಗ ಒಂದೇ ದನಿಯ ಹಿಂದೆ ಹೋಗು, ಮುಂದಿನ ಸಲ ಇನ್ನೊಂದರ ಹಿಂದೆ. ಜೋರಾದ ದನಿ ಬಿಟ್ಟು ಅದರ ಅಡಿಯಲ್ಲಿರುವುದನ್ನು ಕೇಳು. ಸಾಲಿನ ಮೊದಲಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ; ಕೊನೆಯಲ್ಲಿ ಕಾದಿರು. "ಕಳ್ಳ ಬರೋವಾಗ ಸಿಕ್ಕಲ್ಲ, ಹೋಗೋವಾಗ ಸಿಕ್ತಾನೆ."

ಹೀಗೆ ತಾಳದ ತಪ್ಪು ಮೊದಲು ಸಿಕ್ಕಿತು. ಆಮೇಲೆ ಅಕ್ಷರದ್ದು, ಸಾಲಿನ ಕೊನೆಯ ಸಕಾರ ಒಬ್ಬರದು ಮುಂಚೆ, ಒಬ್ಬರದು ಆಮೇಲೆ. ಆಮೇಲೆ ಉಸಿರು: ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಂಡರೆ ಹಾಡಿನಲ್ಲಿ ತೂತು ಬೀಳುತ್ತದೆ. ಕೊನೆಗೆ ಶ್ರುತಿ. ಅದು ನನಗೆ ಸಿಕ್ಕಿತು ಎಂದುಕೊಂಡೆ.

ನಮ್ಮಲ್ಲಿ ಸಿದ್ದರಾಜು ಎಂಬುವನು ಇದ್ದ, ತಬಲಾ ಬಾರಿಸುತ್ತಿದ್ದವನು. ಹಾಳೆಯಲ್ಲಿ ಯಾರು ಎಂಬುದು ಅವನದು ಯಾವತ್ತೂ ತಪ್ಪುತ್ತಿರಲಿಲ್ಲ. ಹೇಗೆ ಎಂದು ಕೇಳಿದರೆ ಬಹಳ ದಿನ ಹೇಳಲಿಲ್ಲ. ಒಂದು ದಿನ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟ. "ಹಾಡು ಯಾವನ್ ಕೇಳ್ತಾನೆ ಕಣಮ್ಮಿ ರತ್ನಿ. ಗೀಟು ಬಂದೋರು ತಪ್ಪು ಮಾಡೋಕ್ ಮುಂಚೆ ಒಸಿ ಉಸ್ರು ಎಳ್ಕತ್ತಾರೆ. ಎದ್ರಿಕೆ. ಅಷ್ಟೇಯ. ಆ ಉಸ್ರು ಯಾರ್ದು ಅಂತ ಇಡ್ಕಬುಟ್ರೆ ಆಯ್ತು."

ಅಂದಿನಿಂದ ನಾನೂ ಹಾಗೇ ಹಿಡಿದೆ. ನನ್ನ ಅಂಕ ಏರಿತು. ಬೇಕೆಂದು ತಪ್ಪು ಮಾಡುವವರಿಗೆ ಮಾತ್ರ ಆ ಹೆದರಿಕೆ ಇರುತ್ತದೆ, ಶಾಲೆಯ ಮಕ್ಕಳಿಗೆ ಲೋಟದಿಂದ ಚೀಟಿ ಕೊಟ್ಟಿರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕಿವಿಗೆ ಬಾಗಿಲಿಲ್ಲ. ಕೋಣೆಯಿಂದ ಹೊರಗೆ ಬಂದರೂ ಅದು ಹುಡುಕುತ್ತಲೇ ಇರುತ್ತಿತ್ತು. ಬಸ್ಸಿನಲ್ಲಿ ಎರಡು ಫೋನಿನಿಂದ ಎರಡು ಹಾಡು ಬಂದರೆ ನಡುವೆ ಇಳಿದುಬಿಡಬೇಕು ಅನ್ನಿಸುತ್ತಿತ್ತು. ಊರಿನಲ್ಲಿ ಒಂದು ಮದುವೆ. ಹೆಂಗಸರು ಸೋಬಾನೆ ಹಾಡುತ್ತಿದ್ದಾರೆ, ನಾನು ತಲೆಯೊಳಗೆ ಹಾಳೆ ತುಂಬುತ್ತಿದ್ದೇನೆ: ಯಾರು, ದೊಡ್ಡತ್ತೆ, ಎಲ್ಲಿ, ಮೂರನೇ ಸಾಲು, ಏನು, ಶ್ರುತಿ ಇಳಿಕೆ. ದೊಡ್ಡತ್ತೆ ಹಾಡು ನಿಲ್ಲಿಸಿ, "ಯಾಕಮ್ಮಿ ಮೂತಿ ಇಂಗೆ ಇಂಡ್ಕಂಡಿದ್ದೀಯೆ? ಹಲ್ಲು ನೋವಾ? ಲವಂಗ ಇಡ್ಕೊ ಓಗು" ಎಂದರು. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಲವಂಗ ಬಾಯಿಗೆ ಹಾಕಿಕೊಂಡೆ. ಬೇರೆ ಏನು ಹೇಳಲಿ?

ಖಾಲಿ ಚೀಟಿಯ ದಿನವನ್ನು ಇಲ್ಲಿ ಇಡುತ್ತೇನೆ, ಇಲ್ಲೇ ನಡೆಯಿತು ಎಂದು ಖಚಿತವಾಗಿ ಅಲ್ಲ, ಎಲ್ಲಾದರೂ ಇಡಬೇಕಲ್ಲ ಎಂದು. ಆರು ಜನ ಹಾಡಿದರು. ನಾವು ಐವರು ಗೋಡೆಗೆ ಮುಖ ಮಾಡಿ ಬರೆದೆವು. ಐದು ಹಾಳೆಯಲ್ಲಿ ಐದು ಬೇರೆ ಬೇರೆ ಹೆಸರು. ನಾನು ಸಿದ್ದರಾಜುವಿನ ಹೆಸರು ಬರೆದಿದ್ದೆ. ಏನು ಎಂಬಲ್ಲಿ ಉಸಿರು ಎಂದು.

"ನನ್ ಮ್ಯಾಲೇ ಆಕ್ಬುಟ್ಟಲ್ಲಮ್ಮಿ. ಉಸ್ರಾಡ್ದೆ ಸಾಯ್ಲಾ?" ಎಂದ ಸಿದ್ದರಾಜು.

ಮೇಷ್ಟ್ರು ಆರು ಚೀಟಿಗಳನ್ನೂ ಬಿಡಿಸಿ ಚಾಪೆಯ ಮೇಲೆ ಇಟ್ಟರು. ಒಂದರಲ್ಲೂ ಗೀಟಿರಲಿಲ್ಲ.

"ಹಂಗಾರೆ ಇವ್ರು ಬರ್ದಿದ್ದೆಲ್ಲ ಸುಳ್ಳಾ ಸಾ?" ಎಂದು ಸಿದ್ದರಾಜುವೇ ಕೇಳಿದ.

"ಸುಳ್ಳು ಅಂದೋರ್ಯಾರು? ಆರು ಜನ ಹಾಡಿದ್ರೆ ಆರು ತಪ್ಪು ಇದ್ದೇ ಇರ್ತವೆ. ಕೆಲವು ಸಲ ಆರು ಜನದ್ದೂ ಸೇರಿ ಒಂದು ತಪ್ಪು ಇರುತ್ತೆ. ಇವರು ಕಳ್ಳನ್ನ ಹಿಡಿಯೋಕೆ ಕೂತಿದ್ರು. ಹಾಡು ಯಾರು ಕೇಳಿದ್ರು?"

ಇಷ್ಟು ಹೇಳಿದ ಮೇಷ್ಟ್ರೇ ಮರುದಿನ ಕೊಟ್ಟ ಹಾಳೆಯಲ್ಲೂ ಅದೇ ಮೂರು ಕಾಲಂ ಇತ್ತು. ಆರು ಜನದ್ದೂ ಸೇರಿದ ಒಂದು ತಪ್ಪನ್ನು ಎಲ್ಲಿ ಬರೆಯುವುದು ಎಂದು ನಾವೂ ಕೇಳಲಿಲ್ಲ. ಆ ಹಾಳೆಗಳಲ್ಲಿ ಕೆಲವು ನನ್ನ ಹತ್ತಿರ ಈಗಲೂ ಇವೆ. ದಿನಾಂಕಕ್ಕೆ ಜಾಗವೇ ಇಲ್ಲ. ಮೊನ್ನೆ ಸಿದ್ದರಾಜುವಿಗೆ ಫೋನು ಮಾಡಿ ಯಾವಾಗ ನಡೆದದ್ದು ಎಂದು ಕೇಳಿದೆ. "ಅದು ಎಲ್ಡ್ ಸಲ ಆಗಿತ್ತಲ್ವಾ?" ಎಂದ. ಎರಡು ಸಲ! ಹಾಗೂ ಇರಬಹುದು.

ಗುಂಡ್ಲುಪೇಟೆಗೆ ನನ್ನನ್ನು ಬೋಧನಾ ಅಭ್ಯಾಸಕ್ಕೆ ಹಾಕಿದರು. ಮೂರು ತಿಂಗಳು ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಗುಂಪು ಕಟ್ಟಬೇಕು, ಒಂದು ಹಾಡು ಕಲಿಸಬೇಕು. ಕೊನೆಯಲ್ಲಿ ಹೊರಗಿನಿಂದ ಪರೀಕ್ಷಕರು ಬಂದು ಕೇಳಿ ಅಂಕ ಕೊಡುತ್ತಾರೆ. ಆ ಅಂಕದ ಮೇಲೆ ಪಾಸು. ಊಟಿ ರಸ್ತೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಚಿಕ್ಕಪ್ಪ ಕೇರಳಕ್ಕೆ ತರಕಾರಿ ಸಾಗಿಸುವ ಗಾಡಿ ಓಡಿಸುತ್ತಿದ್ದರು. ನನಗೆ ಕೊಟ್ಟ ಕೋಣೆಯಲ್ಲಿ ಖಾಲಿ ಟೊಮ್ಯಾಟೊ ಕ್ರೇಟುಗಳು ಸೂರಿನವರೆಗೆ. ಕ್ರೇಟಿನ ಗೋಡೆಗೂ ಮನೆಯ ಗೋಡೆಗೂ ನಡುವೆ ನನ್ನ ಚಾಪೆ.

ಶಾಲೆಯಲ್ಲೂ ಅದೇ ಕಥೆ. ಸಂಗೀತಕ್ಕೆ ಬೇರೆ ಕೋಣೆ ಇರಲಿಲ್ಲ, ಬಿಸಿಯೂಟದ ಅಕ್ಕಿ ಬೇಳೆ ಇಡುವ ಕೋಣೆ ಕೊಟ್ಟರು. ಕೋತಿಗಳ ಕಾಟಕ್ಕೆ ಕಿಟಕಿಗಳಿಗೆ ತಂತಿ ಬಲೆ ಹೊಡೆದು, ಅದರ ಮೇಲೆ ಕಿಟಕಿಯ ಬಾಗಿಲುಗಳನ್ನೂ ಮುಚ್ಚಿ ಮೊಳೆ ಬಡಿದಿದ್ದರು. ಹಾಡುವಾಗ ಮುಂಬಾಗಿಲನ್ನೂ ಹಾಕಬೇಕಿತ್ತು. ಫ್ಯಾನನ್ನು ನಾನೇ ಆರಿಸುತ್ತಿದ್ದೆ, ಅದರ ಸದ್ದಿನಲ್ಲಿ ತಪ್ಪು ಮುಚ್ಚಿಹೋಗುತ್ತದೆ ಎಂದು. ಹೊರಗೆ ದಾರಿಯುದ್ದಕ್ಕೂ ಚೆಂಡು ಹೂವಿನ ಹೊಲಗಳು, ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುವ ಮಲಯಾಳಿಗಳು. ಒಳಗೆ ಹನ್ನೆರಡು ಹುಡುಗಿಯರು ಅಕ್ಕಿ ಮೂಟೆಗಳ ಮುಂದೆ ಎರಡು ಸಾಲಾಗಿ ನಿಂತು ಬೆವರುತ್ತ ಹಾಡುತ್ತಿದ್ದರು. ಶ್ರುತಿಪೆಟ್ಟಿಗೆ ಇಲ್ಲ, ನನ್ನ ಫೋನಿನಲ್ಲಿ ತಂಬೂರಿಯ ಆ್ಯಪ್ ಹಾಕಿ ಮೂಟೆಯ ಮೇಲೆ ಇಡುತ್ತಿದ್ದೆ.

ವಾರಕ್ಕೊಂದು ಹಾಳೆ ತುಂಬಿ ಶನಿವಾರ ಮೇಷ್ಟ್ರಿಗೆ ವಾಟ್ಸ್ಯಾಪಿನಲ್ಲಿ ಕಳಿಸಬೇಕು. ಮೊದಲ ವಾರ ಎಲ್ಲಿ, ಏನು ಎರಡನ್ನೇ ತುಂಬಿ ಕಳಿಸಿದೆ: ಎರಡನೇ ಚರಣ, ಶ್ರುತಿ ಸೇರುತ್ತಿಲ್ಲ. ಖಾಲಿ ಬಿಟ್ಟ ಕಾಲಂನಲ್ಲಿ ಕೆಂಪು ಪ್ರಶ್ನೆ ಚಿಹ್ನೆ ಹಾಕಿ ವಾಪಸು ಬಂತು. ಎರಡನೇ ವಾರವೂ, ಆಮೇಲೂ. ಒಂಬತ್ತನೇ ವಾರ ಪ್ರಶ್ನೆ ಚಿಹ್ನೆಯ ಜೊತೆಗೆ ಒಂದು ಸಾಲು: "ಹೀಗಾದರೆ ಪರೀಕ್ಷೆಗೆ ಕೂರಿಸುವುದು ಕಷ್ಟ."

ಆ ಎರಡನೇ ಚರಣ ಮೇಲಿನ ಷಡ್ಜದವರೆಗೆ ಹತ್ತಿ ಇಳಿಯುತ್ತಿತ್ತು. ಹತ್ತುವಾಗ ಚೆನ್ನಾಗಿಯೇ ಇರುತ್ತಿತ್ತು. ಇಳಿಯುವಾಗ ಉಜ್ಜುತ್ತಿತ್ತು. ಮುಂದಿನ ಸೋಮವಾರವೋ ಮಂಗಳವಾರವೋ ನಾನು ಹುಡುಗಿಯರಿಗೆ ಬೆನ್ನು ಹಾಕಿ, ಮೊಳೆ ಹೊಡೆದ ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಮೂರು ಸಲ ಹಾಡಿಸಿದೆ. ಮೂರು ಸಲವೂ ಅದೇ ಜಾಗದಲ್ಲಿ ಒಂದು ದನಿ ಉಳಿದವುಗಳ ಮೇಲೆ ನಿಂತಿತ್ತು. ಸಣ್ಣ ಅಂತರ, ಬಾಗಿಲಿನ ಸಂದಿಯಲ್ಲಿ ಬರುವ ಬೆಳಕಿನಷ್ಟು. ಆಮೇಲೆ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ಇಟ್ಟು ಹಾಡಿಸಿದೆ. ಎರಡನೇ ಸಾಲು, ಎಡದಿಂದ ಮೂರನೆಯವಳು. ಭಾಗ್ಯ. ಒಂಬತ್ತನೇ ತರಗತಿ, ಹಂಗಳದಿಂದ ಬಸ್ಸಿನಲ್ಲಿ ಬರುತ್ತಿದ್ದವಳು.

"ಭಾಗ್ಯ, ನೀನು ಏರಿಸ್ತಾ ಇದ್ದೀಯ."

"ಇಲ್ಲ ಮಿಸ್. ನಾನ್ ಅಲ್ಲೇ ಇವ್ನಿ."

"ಎಲ್ಲಿ?"

"ಅಲ್ಲೇ ಮಿಸ್. ಇವ್ರೇ ಎಲ್ಲೋ ಓಯ್ತಾವ್ರೆ."

ಪಕ್ಕದಲ್ಲಿ ನಿಂತಿದ್ದ ಶ್ವೇತ ಕಿಸಕ್ಕೆಂದಳು. ಗುಂಡ್ಲುಪೇಟೆಯವಳೇ, ಅವಳ ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರು. "ಅವಳದ್ದು ಹಂದಿ ಓಡ್ಸೋ ಗಂಟ್ಲು ಮಿಸ್. ಕಾಡಂಚಲ್ಲಿ ಹೊಲ ಅವ್ರದ್ದು. ಮೆಲ್ಲಗೆ ಹಾಡಿದ್ರೆ ಹಂದಿಗೆ ಕೇಳ್ಬೇಕಲ್ಲ."

"ನಿಮ್ಮಪ್ಪ ಕೆಮ್ಮಿನ್ ಔಸ್ದಿ ಮಾರ್ತಾನೆ, ನಿನ್ ಗಂಟ್ಲು ಮಾತ್ರ ಕಪ್ಪೆ ಗಂಟ್ಲಾಗೇ ಅದಲ್ಲಮ್ಮಿ" ಎಂದಳು ಭಾಗ್ಯ. ಕೋಣೆಯೆಲ್ಲ ನಕ್ಕಿತು. ನನಗೂ ನಗು ಬಂತು, ತಡೆದುಕೊಂಡೆ.

ಇಲ್ಲಿ ಒಂದು ಕರೆ ಬರುತ್ತದೆ. ನಾಲ್ಕು ಗಂಟೆಗೆ ಅಪ್ಪ ಊರಿನ ಟೀ ಅಂಗಡಿಯಿಂದ ಫೋನು ಮಾಡುವುದು ವಾಡಿಕೆ. ನನ್ನ ಆ ಹಳೆಯ ಫೋನಿನಲ್ಲಿ ಕರೆ ಬಂದರೆ ತಂಬೂರಿ ನಿಂತುಹೋಗುತ್ತಿತ್ತು, ಕರೆ ಕತ್ತರಿಸಿದರೂ ಮತ್ತೆ ತಾನಾಗಿ ಶುರುವಾಗುತ್ತಿರಲಿಲ್ಲ. ಬೆನ್ನು ಹಾಕಿ ನಿಲ್ಲುವ ಮೊದಲೇ ಕರೆ ಬಂದಿತ್ತು, ಕತ್ತರಿಸಿದ್ದೆ, ಆ್ಯಪ್ ಮತ್ತೆ ಹಾಕುವುದು ಮರೆತಿದ್ದೆ, ಮೂರು ಸಲವೂ ಶ್ರುತಿಯಿಲ್ಲದೆ ಹಾಡಿಸಿದೆ. ಹೀಗೆಂದು ಈಗ ನೆನಪಾಗುತ್ತದೆ. ಆದರೆ ಇದು ನೆನಪೋ, ಆಮೇಲೆ ನಾನು ಕಟ್ಟಿಕೊಂಡ ಕಾರಣವೋ? ಶಾಲೆಗಳಲ್ಲಿ ಏಳು ವರ್ಷ ಪಾಠ ಮಾಡಿದ ಮೇಲೆ ನನಗೆ ಗೊತ್ತಾದ ಒಂದು ಸಂಗತಿ ಇದೆ: ಶ್ರುತಿ ಇಲ್ಲದೆ ಹಾಡುವ ಮಕ್ಕಳ ಗುಂಪು ಏರುವುದು ಅಪರೂಪ, ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಒಟ್ಟಿಗೆ ಇಳಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಇಳಿಯದೆ ನಿಂತ ಒಬ್ಬರು ತಪ್ಪಾಗಿ ಕೇಳುತ್ತಾರೆ. ಇದು ಗೊತ್ತಾದ ಮೇಲೆಯೇ ಅಪ್ಪನ ಕರೆ ಆ ದಿನದೊಳಗೆ ಬಂದು ಸೇರಿಕೊಂಡಿತೇನೋ. ಫೋನು ಕೈಯಳತೆಯಲ್ಲಿತ್ತು ಎಂಬುದಂತೂ ನಿಜ. ಒಂದು ಬೆರಳು ಮುಟ್ಟಿಸಿದ್ದರೆ ತಂಬೂರಿ ಹೇಳುತ್ತಿತ್ತು, ಅವಳು ಅಲ್ಲೇ ಇದ್ದಾಳೋ ಇಲ್ಲವೋ ಎಂದು. ನಾನು ನನ್ನ ಗಂಟಲಿನಿಂದ ಸ್ವರ ಕೊಟ್ಟು ಅವಳನ್ನು ಅಳೆದೆ. ನನ್ನ ಗಂಟಲೂ ಆ ಹನ್ನೊಂದು ಜನರ ಜೊತೆಗೇ ಇಳಿದಿರಬಹುದು ಎಂಬ ಯೋಚನೆ ಬರಲಿಲ್ಲ. ಹಾಳೆಯಲ್ಲಿ ಬರೆದೆ. ಯಾರು: ಭಾಗ್ಯ. ಎಲ್ಲಿ: ಎರಡನೇ ಚರಣ, ಇಳಿಕೆ. ಏನು: ಶ್ರುತಿ ಏರು.

ಮೂರೂ ಕಾಲಂ ತುಂಬಿದಾಗ ಎಷ್ಟು ಹಗುರಾಯಿತು ಎಂಬುದು ಮಾತ್ರ ಯಾವ ಅನುಮಾನವೂ ಇಲ್ಲದೆ ನೆನಪಿದೆ.

ಮೇಷ್ಟ್ರಿಂದ "ಸರಿ" ಎಂದು ಬಂತು. ಸೋಮವಾರ ಭಾಗ್ಯಳನ್ನು ಕರೆದು ಹೇಳಿದೆ. ಗುಂಪಿನಿಂದ ತೆಗೆಯುವುದಿಲ್ಲ, ಸಾಲಿನಲ್ಲೇ ನಿಂತಿರು, ತುಟಿ ಮಾತ್ರ ಆಡಿಸು. ನಾನು ಓದುತ್ತಿದ್ದಾಗ ನನ್ನ ಶಾಲೆಯಲ್ಲೂ ಹಾಗೆ ಹೇಳುತ್ತಿದ್ದರು, ಎಲ್ಲ ಶಾಲೆಯಲ್ಲೂ ಹೇಳುತ್ತಾರೆ. ಅದು ಬೈಗುಳವಲ್ಲ, ಒಂದು ಉಪಾಯ ಎಂದೇ ತಿಳಿದಿದ್ದೆ. ಅವಳು ತಲೆಯಾಡಿಸಿ ತರಗತಿಗೆ ಹೋದಳು. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತಿದ್ದಳು.

"ಮಿಸ್, ಎಷ್ಟ್ ದಿನ ಇಂಗೆ?"

"ಪರೀಕ್ಷೆ ಮುಗಿಯೋವರೆಗೂ ಕಣಮ್ಮಿ. ಆಮೇಲೆ ಹಾಡುವಂತೆ."

"ಪರೀಕ್ಸೆ ಮುಗುದ್ರೆ ನೀವೂ ಓಯ್ತೀರಿ, ಹಾಡೂ ಓಯ್ತದೆ. ಆಮೇಲೆ ನಾನ್ ಎಲ್ಲಿ ಹಾಡ್ಲಿ? ಹಂದಿ ಮುಂದೆನಾ?"

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅವಳು ನಗುತ್ತಿರಲಿಲ್ಲ.

"ನಾನ್ ಅಲ್ಲೇ ಇದ್ದೆ ಮಿಸ್" ಎಂದಳು ಮತ್ತೆ. "ಬೇಕಾರೆ ಇನ್ನೊಂದ್ ಸಲ ಕೇಳಿ."

ಬಸ್ಸಿಗೆ ಹೊತ್ತಾಯಿತು, ಹೋಗು ಎಂದೆ. ಇನ್ನೊಂದು ಸಲ ಕೇಳಿ ಅವಳು ಸರಿ ಎಂದಾದರೆ ಉಳಿದ ಹನ್ನೊಂದು ಜನರನ್ನು ಮೇಲೆತ್ತಬೇಕು. ಉಳಿದಿದ್ದ ದಿನಗಳು ಕಡಿಮೆ. ಈ ಲೆಕ್ಕಾಚಾರ ಆವತ್ತೇ ಹಾಕಿದ್ದೆನೋ ಈಗ ಹಾಕುತ್ತಿದ್ದೇನೋ, ಅದೂ ತಿಳಿಯದು. ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಹಾಗೆ ಕಾಣುತ್ತದೆ ನನಗೆ. ಆದರೆ ಆ ಬಾಗಿಲಿನಿಂದ ರಸ್ತೆ ಕಾಣುತ್ತಲೇ ಇರಲಿಲ್ಲ.

ಮರುದಿನದಿಂದ ಭಾಗ್ಯ ತುಟಿ ಆಡಿಸಿದಳು. ಅಷ್ಟು ಚೆನ್ನಾಗಿ ತುಟಿ ಆಡಿಸುವವರನ್ನು ನಾನು ಮತ್ತೆ ನೋಡಿಲ್ಲ. ಬಾಯಿ ಪೂರ್ತಿ ತೆರೆಯುತ್ತಿದ್ದಳು, ಹುಬ್ಬು ಏರುತ್ತಿತ್ತು, ಮೇಲಿನ ಷಡ್ಜಕ್ಕೆ ಕತ್ತಿನ ನರ ಬಿಗಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ನೋಡಲು ಆಗದೆ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಆಗ ಹಾಡು ಒಂದೇ ಸಮನಾಗಿ ಕೇಳುತ್ತಿತ್ತು, ಉಜ್ಜುವುದು ಹೋಗಿತ್ತು. ಹಾಡಿನ ಕೊನೆಯಲ್ಲಿ ತಂಬೂರಿಗೂ ಹುಡುಗಿಯರಿಗೂ ಹೊಂದುತ್ತಿತ್ತೇ? ಇಲ್ಲ ಎಂದೇ ಅನ್ನಿಸುತ್ತದೆ. ಎಲ್ಲರೂ ಒಟ್ಟಿಗಿದ್ದಾರೆ ಎಂಬುದೇ ಸಾಕಾಗಿತ್ತು ನನಗೆ.

ಪರೀಕ್ಷೆಯ ದಿನ ಮೈಸೂರಿನಿಂದ ಒಬ್ಬರು ಮೇಡಂ ಬಂದರು, ಜೊತೆಯಲ್ಲಿ ನಮ್ಮ ಮೇಷ್ಟ್ರು. ಮೇಡಂ ಅಕ್ಕಿ ಮೂಟೆಗಳನ್ನು ನೋಡಿ, "ಏನಮ್ಮ, ಹಾಡು ಸರಿ ಇಲ್ಲದಿದ್ರೆ ಅನ್ನವನ್ನಾದರೂ ಹಾಕ್ತೀರಾ?" ಎಂದರು. ಹುಡುಗಿಯರು ಹೆದರಿಕೆ ಬಿಟ್ಟು ನಕ್ಕರು. ನಾನು ಫೋನನ್ನು, ಕರೆ ಬಾರದಂತೆ, ಏರೋಪ್ಲೇನ್ ಮೋಡ್‌ಗೆ ಹಾಕಿ ಮೂಟೆಯ ಮೇಲಿಟ್ಟೆ. ಇಡೀ ಮೂರು ತಿಂಗಳಲ್ಲಿ ಹಾಗೆ ಮಾಡಿದ್ದು ಅಂದೊಂದೇ ದಿನ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿ, ಕಿಟಕಿಯ ಕಡೆ ತಿರುಗಿ ಕೂತರು. ಮೇಡಂ ಹುಡುಗಿಯರ ಎದುರಿಗೆ ಕೂತರು, ತೊಡೆಯ ಮೇಲೆ ಅಂಕದ ಹಾಳೆ.

ಹುಡುಗಿಯರು ಹಾಡಿದರು. ಎರಡನೇ ಚರಣ ಹತ್ತಿತು, ಇಳಿಯಿತು. ಕೊನೆಯ ಸಾಲು ಬಂದು ತಂಬೂರಿಯ ಮೇಲೆ ಕೂತಿತು. ಎಳೆಯಷ್ಟೂ ಅತ್ತಿತ್ತ ಇಲ್ಲ. ಹಾಡು ನಿಂತ ಮೇಲೆ ತಂಬೂರಿಯೊಂದೇ ಉಳಿದಾಗ ಏನೂ ಬದಲಾದಂತೆ ಅನ್ನಿಸಲಿಲ್ಲ. ಅಷ್ಟು ಸರಿಯಾಗಿ ಅವರು ಅದಕ್ಕೆ ಮೊದಲು ಒಂದು ಸಲವೂ ಮುಗಿಸಿರಲಿಲ್ಲ.

ಮೇಡಂ ಪೆನ್ನಿನ ತುದಿಯಿಂದ ತೋರಿಸಿದರು. "ಎರಡನೇ ಸಾಲು, ಮೂರನೇ ಹುಡುಗಿ. ಏನಮ್ಮ ನಿನ್ನ ಹೆಸರು? ಇಡೀ ಗುಂಪನ್ನ ನೀನೇ ಎತ್ತಿ ಹಿಡಿದಿದ್ದೆ. ಎಲ್ಲರೂ ಹೀಗೆ ಬಾಯಿ ಬಿಟ್ಟು ಹಾಡಬೇಕು."

"ಭಾಗ್ಯ, ಮೇಡಂ" ಎಂದಳು. ಶ್ವೇತ ತಲೆ ತಗ್ಗಿಸಿದಳು. ಭಾಗ್ಯ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ಬರೆಯಲು ಹೊರಟರೆ ನಾನು ಸುಳ್ಳು ಬರೆಯುತ್ತೇನೆ. ನೋಡಿದಳು, ಅಷ್ಟೆ.

ಹೊರಗೆ ಬಂದಾಗ ಮೇಷ್ಟ್ರು ಕೇಳಿದರು. "ಆ ಮಗು ಹೆಸರು ನಿನ್ನ ಹಾಳೇಲಿ ಇತ್ತಲ್ಲಮ್ಮ, ಶ್ರುತಿ ಏರು ಅಂತ. ಹೆಂಗೆ ಸರಿ ಮಾಡಿದೆ?"

"ಅಭ್ಯಾಸ ಸಾರ್."

ಅವರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. "ಹೂಂ" ಎಂದರು. ನಾನು ಪಾಸಾದೆ. ಕೊಟ್ಟಿಗೆ ನೋಡಿಹೋಗಿದ್ದವರು ಬೇರೆ ಮನೆಯ ಕೊಟ್ಟಿಗೆ ನೋಡಿಕೊಂಡರು. ಮರುವರ್ಷ ಕೆಲಸ ಸಿಕ್ಕಿತು. ಮೇಷ್ಟ್ರು ಈಗಿಲ್ಲ, ಆ ಹೂಂ ಯಾವ ಬಗೆಯದು ಎಂದು ಕೇಳುವಂತಿಲ್ಲ.

ಅರಿಶಿನದ ಮಂಡಿಯ ಮುಂದೆ ನಿಂತಿದ್ದ ಆ ಮಧ್ಯಾಹ್ನ ಸಹಿಯನ್ನು ಬಿಟ್ಟು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಇಳಿದು ವಾಪಸು ಹೋಗೋಣ ಅನ್ನಿಸುತ್ತಲೇ ಇತ್ತು. ಮೆಡಿಕಲ್ ಸ್ಟೋರಿನಲ್ಲಿ ಶ್ವೇತ ಇದ್ದಳು, ಅಪ್ಪನ ಜಾಗದಲ್ಲಿ. ಗುರುತು ಹಿಡಿದಳು. ಸ್ಟೂಲು ಹಾಕಿದಳು, ಟೀ ತರಿಸಿದಳು. ನಾನು ಸುತ್ತಿ ಬಳಸದೆ ಕೇಳಿದೆ: ಪರೀಕ್ಷೆಯ ದಿನ ಭಾಗ್ಯ ಹಾಡಿದಳೇ? ಪಕ್ಕದಲ್ಲೇ ಇದ್ದೆಯಲ್ಲ?

"ಆವತ್ತು ನನ್ ದನಿನೇ ನಂಗೆ ಕೇಳ್ತಿರಲಿಲ್ಲ ಮಿಸ್. ಅಷ್ಟ್ ಭಯ ಆಗಿತ್ತು" ಎಂದಳು. ಯಾರಿಗೋ ಮಾತ್ರೆ ಕತ್ತರಿಸಿ ಕೊಟ್ಟು, ಮತ್ತೆ ಬಂದು, "ಯಾಕ್ ಮಿಸ್, ಈಗ ಅದು? ತಾಳಿ, ಅವಳ್ಗೇ ಫೋನ್ ಮಾಡ್ಬುಡನ" ಎಂದು, ನಾನು ಬೇಡ ಎನ್ನುವ ಮೊದಲೇ ಮಾಡಿಬಿಟ್ಟಳು.

ಭಾಗ್ಯ ಕಾಡಿನ ಕಡೆಯ ಒಂದು ರೆಸಾರ್ಟಿನಲ್ಲಿ ರೂಮುಗಳ ಮೇಲ್ವಿಚಾರಣೆ ನೋಡುತ್ತಾಳೆ. ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಅದು ಅವಳೇ. ಚೆನ್ನಾಗಿದ್ದೀರಾ ಮಿಸ್, ಮಕ್ಕಳೆಷ್ಟು ಮಿಸ್, ಈ ಕಡೆ ಬಂದ್ರೆ ಬನ್ನಿ ಮಿಸ್. ಹಾಡುತ್ತೀಯಾ ಎಂದೆ. "ಎಲ್ ಬಂತು ಮಿಸ್. ಇಲ್ಲಿ ಗಟ್ಟಿಯಾಗಿ ಮಾತಾಡುದ್ರೇ ಗೆಸ್ಟುಗಳು ಕಂಪ್ಲೇಂಟ್ ಮಾಡ್ತಾರೆ." ನಕ್ಕಳು. ಆಗ ಕೇಳಿದೆ.

"ಆ ಪರೀಕ್ಷೆ ದಿನ ನೀನು ಹಾಡಿದೆಯಾ ಭಾಗ್ಯ, ಅಥವಾ ತುಟಿ ಮಾತ್ರ ಆಡಿಸಿದೆಯಾ?"

ಆ ಕಡೆ ಬಕೆಟ್ಟಿಗೆ ನೀರು ಬೀಳುವ ಸದ್ದು. ನಿಂತಿತು.

"ನೀವ್ ಎದ್ರುಗೇ ನಿಂತಿದ್ರಲ್ಲ ಮಿಸ್" ಎಂದಳು. "ನಿಮ್ಗೆ ಏನ್ ಕೇಳುಸ್ತು?"

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಯಾರೋ ಅವಳನ್ನು ಕೂಗಿದರು. "ಬತ್ತೀನಿ ಮಿಸ್, ರೂಮ್ ಖಾಲಿಯಾಯ್ತದೆ" ಎಂದು ಇಟ್ಟಳು. ಶ್ವೇತ ನಂಬರು ಬರೆದುಕೊಟ್ಟಿದ್ದಾಳೆ. ಮತ್ತೆ ಮಾಡಿಲ್ಲ. ಮಾಡಿದರೂ ಅವಳು ಕೇಳಿದ್ದಕ್ಕೆ ಮೊದಲು ನಾನು ಉತ್ತರ ಕೊಡಬೇಕು.

ಅವಳು ಬಾಯಿ ಮುಚ್ಚಿದ್ದರಿಂದ ಆ ದಿನ ಹಾಡು ಸರಿಯಾಯಿತೋ, ನನ್ನ ಮಾತು ಮೀರಿ ಅವಳು ಹಾಡಿದ್ದರಿಂದ ಉಳಿದವರು ಅವಳ ದನಿಯನ್ನು ಹಿಡಿದುಕೊಂಡು ನಿಂತರೋ, ತಂಬೂರಿ ನಡುವೆ ನಿಲ್ಲದ್ದರಿಂದ ಎಲ್ಲರೂ ತಾವಾಗಿಯೇ ನಿಂತರೋ. ನಾನು ತಾಳ ಹಾಕುತ್ತ ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಒಂದು ವರ್ಷ ಕೇಳುವುದನ್ನೇ ಕಲಿತಿದ್ದೆ. ಆ ಎರಡು ನಿಮಿಷ ಪರೀಕ್ಷಕರ ಪೆನ್ನು ಹಾಳೆಯ ಮೇಲೆ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಭಾಗ್ಯ ಹಾಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ.